ಭಾಗಗಳಿಲ್ಲದ ದೇವರು: ಒಂದು ಜನಪ್ರಿಯ ಅಭಿಪ್ರಾಯದ ವಿರುದ್ಧ

ನಮ್ಮ ಎಸ್.ಎಸ್. ಬಡಾವಣೆಯಲ್ಲಿ ಧರ್ಮದ ಮಾತು ಎಲ್ಲಿಂದ ಶುರುವಾದರೂ ಕೊನೆಗೆ ಒಂದು ತೀರ್ಮಾನ ಬಂದೇ ಬರುತ್ತದೆ: ನಿರಾಕಾರ, ನಿರ್ಗುಣ, ಬಯಲು ಎಂಬ ಎತ್ತರದ ಚಿಂತನೆ ನಮ್ಮದು, ಕ್ರೈಸ್ತರ ದೇವರು ಆಕಾಶದಲ್ಲಿ ಕೂತ ಒಬ್ಬ ಯಜಮಾನ, ಸಿಟ್ಟಾಗುತ್ತಾನೆ, ಕ್ಷಮಿಸುತ್ತಾನೆ, ಪಾಪಪುಣ್ಯದ ಲೆಕ್ಕ ಇಡುತ್ತಾನೆ, ಅಷ್ಟೇ. 1913ರಲ್ಲಿ ಹರ್ಡೇಕರ್ ಮಂಜಪ್ಪನವರೂ ವಿರಕ್ತಮಠದ ಮೃತ್ಯುಂಜಯ ಸ್ವಾಮಿಗಳೂ ಬಸವ ಜಯಂತಿಗೆ ಸಾರ್ವಜನಿಕ ರೂಪ ಕೊಟ್ಟ ಊರು ನಮ್ಮ ದಾವಣಗೆರೆ. ವಚನಗಳ ಉಪನ್ಯಾಸ ಕೇಳುತ್ತಲೇ ಬೆಳೆದ ನಮಗೆ ಹಾಗನ್ನಿಸುವುದು ಸಹಜ. ಆದರೂ ಆ ತೀರ್ಮಾನ ತಪ್ಪು. ಇದಕ್ಕೆ ಪಶ್ಚಿಮದಲ್ಲಿ ಒಂದು ಜೋಡಿ ಅಭಿಪ್ರಾಯವಿದೆ. ದೇವರಿಗೆ ಭಾಗಗಳಿಲ್ಲ ಎಂದು ಕ್ರೈಸ್ತರು ಹೇಳಿದ್ದು ಗ್ರೀಕರಿಂದ ಅಂಟಿಸಿಕೊಂಡ ಮಾತು, ಬೈಬಲಿನ ಜೀವಂತ ದೇವರನ್ನು ಅದು ಒಣ ತತ್ವವಾಗಿ ಮಾಡಿಬಿಟ್ಟಿತು ಎನ್ನುವ ಆ ಅಭಿಪ್ರಾಯವೂ ತಪ್ಪು. ಎರಡನ್ನೂ ಒಟ್ಟಿಗೆ ಎತ್ತಿಕೊಳ್ಳುವುದಕ್ಕೆ ನಮ್ಮ ಜಿಲ್ಲೆಯ ಹರಿಹರದಷ್ಟು ಒಳ್ಳೆಯ ಜಾಗ ನನಗೆ ಬೇರೆ ಕಾಣದು.

ಮೊದಲು ಸಿದ್ಧಾಂತ ಏನೆಂದು ನೋಡೋಣ. ದೇವರಿಗೆ ಅವಯವಗಳಿಲ್ಲ ಎಂದರೆ ಕೈಕಾಲು ಇಲ್ಲ ಎಂಬಷ್ಟಕ್ಕೆ ಅದು ನಿಲ್ಲುವುದಿಲ್ಲ. ಆತನಲ್ಲಿ ಸ್ವರೂಪ ಒಂದು, ಇರವು ಇನ್ನೊಂದು ಎಂಬ ಜೋಡಣೆ ಇಲ್ಲ. ಗುಣಿ ಒಂದು ಕಡೆ, ಅವನಿಗೆ ಅಂಟಿದ ಗುಣ ಇನ್ನೊಂದು ಕಡೆ ಎಂಬುದೂ ಇಲ್ಲ. ನನ್ನ ತಾಳ್ಮೆ ನಿನ್ನೆ ಇರಲಿಲ್ಲ, ಇವತ್ತು ಇದೆ, ನಾಳೆ ಹೋದೀತು. ತಾಳ್ಮೆ ಹೋದರೂ ನಾನು ನಾನಾಗಿಯೇ ಉಳಿಯುತ್ತೇನೆ. ದೇವರಲ್ಲಿ ಹೀಗೆ ಬಂದುಹೋಗುವುದು ಏನೂ ಇಲ್ಲ. ಆತನ ಜ್ಞಾನ, ಶಕ್ತಿ, ನ್ಯಾಯ, ಪ್ರೀತಿ ಎಂದು ನಾವು ಬೇರೆಬೇರೆ ಹೆಸರಿಡುತ್ತೇವೆ. ಆ ಹೆಸರುಗಳೆಲ್ಲ ತಲುಪುವುದು ಒಂದೇ ವಸ್ತುವನ್ನು, ಅದು ಆತನೇ. ಐದನೇ ಶತಮಾನದಲ್ಲಿ ಅಗಸ್ಟೀನ ‘ದೇವನಗರ’ದ ಹನ್ನೊಂದನೇ ಭಾಗದಲ್ಲಿ ಹೇಳಿದ್ದರ ಸಾರ ಇದು: ದೇವರ ಬಳಿ ಏನೇನು ಇದೆಯೋ ಅದೆಲ್ಲವೂ ದೇವರೇ. ಯೋಹಾನನ ಪತ್ರಿಕೆಯೂ ದೇವರನ್ನು ಪ್ರೀತಿ ಉಳ್ಳವನು ಎನ್ನುವುದಕ್ಕೆ ನಿಲ್ಲದೆ ಪ್ರೀತಿಯೊಂದಿಗೆ ಒಂದಾಗಿಸಿಯೇ ಮಾತಾಡುತ್ತದೆ.

ಇದು ಯಾರೋ ಒಬ್ಬ ಪಂಡಿತನ ಖಾಸಗಿ ಮತವಾಗಿ ಉಳಿಯಲಿಲ್ಲ. 1215ರಲ್ಲಿ ರೋಮಿನಲ್ಲಿ ಸೇರಿದ ನಾಲ್ಕನೇ ಲ್ಯಾಟರನ್ ಮಹಾಸಭೆ ತನ್ನ ಮೊದಲ ನಿರ್ಣಯದಲ್ಲೇ ದೇವರ ಸ್ವರೂಪ ಸಂಪೂರ್ಣವಾಗಿ ನಿರವಯವ ಎಂದು ಸಾರಿತು. 1870ರ ಮೊದಲನೇ ವ್ಯಾಟಿಕನ್ ಸಭೆ ಅದನ್ನೇ ಮತ್ತೆ ಹೇಳಿತು. ರೋಮಿನಿಂದ ಸಿಡಿದುಹೋದ ಸುಧಾರಣಾವಾದಿಗಳು ಪೋಪರ ಅಧಿಕಾರವನ್ನು ಬಿಟ್ಟರು, ಇದನ್ನು ಬಿಡಲಿಲ್ಲ: 1530ರ ಔಗ್ಸ್‌ಬರ್ಗ್ ವಿಶ್ವಾಸಪತ್ರದಲ್ಲಿ ಇದೆ, 1561ರ ಬೆಲ್ಜಿಕ್ ವಿಶ್ವಾಸಪತ್ರದಲ್ಲಿ ಇದೆ, ಆಂಗ್ಲಿಕನ್ ಸಭೆ 1571ರಲ್ಲಿ ಗಟ್ಟಿಮಾಡಿದ ಮೂವತ್ತೊಂಬತ್ತು ವಿಧಿಗಳ ಮೊದಲನೆಯದರಲ್ಲೇ ಇದೆ. ಮೆಥಡಿಸ್ಟರು ಆ ವಿಧಿಯಿಂದ ‘ವಿಕಾರಗಳಿಲ್ಲ’ ಎಂಬುದನ್ನು ತೆಗೆದುಹಾಕಿದರು, ‘ಭಾಗಗಳಿಲ್ಲ’ ಎಂಬುದನ್ನು ಉಳಿಸಿಕೊಂಡರು. ಹಾಗಾಗಿ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ ನಮ್ಮ ಜಿಲ್ಲೆಯ ಕಥೋಲಿಕರಿಗೂ, 1947ರಲ್ಲಿ ಹಲವು ಪ್ರೊಟೆಸ್ಟಂಟ್ ಪರಂಪರೆಗಳು ಕೂಡಿ ಆದ ದಕ್ಷಿಣ ಭಾರತ ಸಭೆಯವರಿಗೂ ಇದು ಪಿತ್ರಾರ್ಜಿತ ಆಸ್ತಿ. ಅವರಲ್ಲಿ ಬಹಳ ಮಂದಿ ಇದರ ಹೆಸರನ್ನೇ ಕೇಳಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಲ್ಯಾಟರನ್ ಸಭೆ ಮುಗಿದು ಹತ್ತು ವರ್ಷ ತುಂಬುವ ಮೊದಲೇ, 1224ರ ಸುಮಾರಿಗೆ, ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ ಹರಿದ್ರಾ ಹೊಳೆ ತುಂಗಭದ್ರೆಯನ್ನು ಕೂಡುವ ಕೂಡಲೂರಿನಲ್ಲಿ, ಅಂದರೆ ಇವತ್ತಿನ ಹರಿಹರದಲ್ಲಿ, ಹರಿಹರೇಶ್ವರನ ಗುಡಿ ಕಟ್ಟಿಸಿದ. ಹೆಚ್ಚುಕಡಿಮೆ ಅದೇ ವೇಳೆಗೆ, 1225ರ ಆಸುಪಾಸಿನಲ್ಲಿ, ಇಟಲಿಯ ರೊಕ್ಕಾಸೆಕ್ಕದಲ್ಲಿ ಕ್ರೈಸ್ತ ದೇವಶಾಸ್ತ್ರಜ್ಞ ತೋಮಾಸ್ ಅಕ್ವಿನಾಸ್ ಹುಟ್ಟಿದ. ಉಡುಪಿಯ ಬಳಿ ಪಾಜಕದಲ್ಲಿ ಮಧ್ವಾಚಾರ್ಯರು ಹುಟ್ಟಿದ್ದು 1238ರಲ್ಲಿ ಎಂದು ವಿದ್ವಾಂಸರು ಹೆಚ್ಚಾಗಿ ಒಪ್ಪುತ್ತಾರೆ. ಇವರಲ್ಲಿ ಯಾರಿಗೂ ಇನ್ನೊಬ್ಬರ ಸುದ್ದಿ ಗೊತ್ತಿರಲಿಲ್ಲ. ಆದರೆ ಮೂವರ ಮುಂದೆಯೂ ಇದ್ದ ಪ್ರಶ್ನೆ ಒಂದೇ: ಎಲ್ಲಕ್ಕೂ ಮೂಲವಾದದ್ದು ತಾನೇ ಜೋಡಿಸಿ ಆದದ್ದಾಗಿರಬಹುದೆ?

ಅಕ್ವಿನಾಸನ ಉತ್ತರ ಹರಿಹರದವರಿಗೆ ಬೇಗ ಅರ್ಥವಾಗಬೇಕು. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈ ಊರಿನಲ್ಲಿ ದಶಕಗಳ ಕಾಲ ಲೇತ್ ಯಂತ್ರ ತಯಾರಿಸಿತು. ಬೆಡ್ಡು, ಹೆಡ್‌ಸ್ಟಾಕು, ಟೇಲ್‌ಸ್ಟಾಕು ಬೇರೆಬೇರೆಯಾಗಿ ತಯಾರಾಗಿ, ಫಿಟ್ಟರುಗಳ ಕೈಯಲ್ಲಿ ಕೂಡಿದ ಮೇಲೆ ಅದು ಲೇತು. ಭಾಗಗಳು ಲೇತಿಗಿಂತ ಮೊದಲಿನವು. ಅವು ತಾವಾಗಿ ಕೂಡುವುದಿಲ್ಲ, ಕೂಡಿಸುವವರು ಬೇಕು. ಕೂಡಿಸಿದ್ದನ್ನು ಬಿಚ್ಚಲೂಬಹುದು. ದೇವರೂ ಇರವು, ಸ್ವರೂಪ, ಒಳ್ಳೆಯತನ ಎಂಬ ಭಾಗಗಳಿಂದ ಕೂಡಿದವನಾದರೆ ಆ ಭಾಗಗಳು ಆತನಿಗಿಂತ ಹಿರಿಯವು, ಅವನ್ನು ಕೂಡಿಸಿದ್ದು ಇನ್ನೂ ಹಿರಿದು. ಆಗ ಕೈಮುಗಿಯಬೇಕಾದದ್ದು ಆ ಕೂಡಿಸಿದ್ದಕ್ಕೆ. ಇಷ್ಟೇ ವಾದ. ಅವನ ‘ಸುಮ್ಮಾ ತಿಯೊಲೊಜಿಯೆ’ ಗ್ರಂಥದಲ್ಲಿ ಇದು ಬರುವ ಜಾಗವನ್ನೂ ಗಮನಿಸಬೇಕು. ಎರಡನೇ ಪ್ರಶ್ನೆಯಲ್ಲಿ ದೇವರು ಇದ್ದಾನೆ ಎಂದು ತೋರಿಸಿ, ಮೂರನೆಯದಕ್ಕೆ ಕೈಹಾಕುವಾಗಲೇ ಅಕ್ವಿನಾಸ್ ಒಂದು ಎಚ್ಚರಿಕೆ ಕೊಡುತ್ತಾನೆ: ದೇವರು ಏನು ಎಂಬುದು ನಮ್ಮ ತಿಳಿವಿಗೆ ಸಿಗುವುದಿಲ್ಲ, ಏನಲ್ಲ ಎಂಬುದನ್ನಷ್ಟೇ ವಿಚಾರಿಸಬಹುದು. ಆ ಎಚ್ಚರಿಕೆಯ ಕೆಳಗೆ ಎಂಟು ಉಪಪ್ರಶ್ನೆಗಳಲ್ಲಿ ನಿರವಯವತೆಯ ಚರ್ಚೆ ನಡೆಯುತ್ತದೆ. ಹಾಗಾದರೆ ಇದು ದೇವರ ಚಿತ್ರವಲ್ಲ. ನಾವು ಬರೆಯುವ ಚಿತ್ರಗಳಿಗೆ ಹಾಕಿದ ಕಡಿವಾಣ.

ಕ್ರೈಸ್ತರ ದೇವರು ಮನುಷ್ಯನ ದೊಡ್ಡ ನೆರಳು ಎನ್ನುವವರು ಈ ಒಂದು ಪ್ರಶ್ನೆಯನ್ನು ಓದಿದರೆ ಸಾಕು, ಆ ಮಾತನ್ನು ಮತ್ತೆ ಆಡುವುದಕ್ಕೆ ಹಿಂಜರಿದಾರು. ಸಾಮಾನ್ಯ ಭಕ್ತ ಪ್ರಾರ್ಥನೆಯಲ್ಲಿ ತಂದೆ ಎನ್ನುತ್ತಾನೆ, ಅಳುತ್ತಾನೆ, ಜಗಳವಾಡುತ್ತಾನೆ, ನಿಜ. ಶಿವನನ್ನು ಗಂಡನೆಂದು ಕರೆದು ಜಗಳವಾಡಿದ ಶರಣೆಯರೂ ನಮ್ಮಲ್ಲಿ ಇದ್ದರು. ಅದರಿಂದ ವಚನಕಾರರಿಗೆ ನಿರಾಕಾರದ ತಿಳಿವು ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ನಮ್ಮವರಿಗೆ ಒಂದು ಅಳತೆ, ಅವರಿಗೆ ಇನ್ನೊಂದು ಅಳತೆ ಹಿಡಿಯುವುದು ವಿಮರ್ಶೆಯಾಗದು.

ಇನ್ನು ಗ್ರೀಕರ ಸಾಲದ ಮಾತು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜರ್ಮನಿಯ ಅಡಾಲ್ಫ್ ಫಾನ್ ಹಾರ್ನಾಕ್ ಕ್ರೈಸ್ತ ಸಿದ್ಧಾಂತಗಳ ಚರಿತ್ರೆ ಬರೆದಾಗ, ಯೇಸುವಿನ ಸುವಾರ್ತೆಯ ನೆಲದಲ್ಲಿ ಗ್ರೀಕ್ ಮನಸ್ಸು ಬೆಳೆಸಿದ ಬೆಳೆ ಅವು ಎಂಬ ವಾದ ಗಟ್ಟಿಯಾಯಿತು. ಆಮೇಲೆ ಅದು ಪಾಠಪುಸ್ತಕದ ಸತ್ಯವಾಯಿತು. ಇವತ್ತಿಗೂ ದೇವಶಾಸ್ತ್ರದ ತರಗತಿಗಳಲ್ಲಿ ಪ್ರಮಾಣ ಕೇಳದೆ ಒಪ್ಪಿಕೊಳ್ಳುವವರಿದ್ದಾರೆ. ಆದರೆ ಕಾಲಕ್ರಮ ನೋಡಿ. ದೇವರು ಕೂಡಿಸಿ ಆದವನಲ್ಲ ಎಂದು ಕ್ರೈಸ್ತರಲ್ಲಿ ಸ್ಪಷ್ಟವಾಗಿ ವಾದಿಸಿದ ಮೊದಲಿಗರಲ್ಲಿ ಒಬ್ಬ ಲಿಯೋನಿನ ಬಿಷಪ್ ಐರೇನಿಯಸ್, ಸುಮಾರು 180ರಲ್ಲಿ. ಏಕದ ತತ್ವಕ್ಕೆ ಹೆಸರಾದ ಪ್ಲೊಟೈನಸ್ ಆಗಿನ್ನೂ ಹುಟ್ಟಿರಲಿಲ್ಲ. ಪ್ಲೇಟೋ ಪರಂಪರೆಯ ಹಳೆಯ ಭಾಷೆ ಐರೇನಿಯಸನ ಕಾಲದ ಗಾಳಿಯಲ್ಲಿ ಇತ್ತು, ಅವನು ಅದನ್ನು ಬಳಸಿಯೂ ಇದ್ದಾನೆ. ಆದರೆ ಅವನು ಎದುರಿಸಿದ್ದು ಯಾರನ್ನು? ದೇವರಿಂದ ಮೊದಲು ಬುದ್ಧಿ ಹೊರಟಿತು, ಆಮೇಲೆ ವಾಕ್ಕು, ಆಮೇಲೆ ಜೀವ ಎಂದು ದೈವವನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದು, ಕೊನೆಯ ಮೆಟ್ಟಿಲಿನ ತಪ್ಪಿನಿಂದ ಈ ಕೆಟ್ಟ ಜಗತ್ತು ಆಯಿತು ಎನ್ನುತ್ತಿದ್ದ ಜ್ಞಾನವಾದಿ ಪಂಥಗಳನ್ನು. ಮಣ್ಣು, ಮೈ, ಊಟ, ಮಕ್ಕಳು ಎಲ್ಲವನ್ನೂ ಕೀಳೆಂದ ಜನ ಅವರು. ಒಳ್ಳೆಯ ದೇವರೇ, ಇಡಿಯಾಗಿ, ಈ ಜಗತ್ತನ್ನು ಮಾಡಿದ ಎಂದು ಹೇಳುವುದಕ್ಕೇ ಐರೇನಿಯಸನಿಗೆ ಒಡೆಯಲಾಗದ ದೇವರು ಬೇಕಾದ. ಸಿದ್ಧಾಂತ ಹುಟ್ಟಿದ್ದು ಸೃಷ್ಟಿಯ ಮಾನ ಕಾಯಲು.

ಇದಕ್ಕಿಂತ ಬಲವಾದ ಸಾಕ್ಷಿ ಉಡುಪಿಯದು. ಯೆಹೂದಿ ಮೈಮೊನಿಡೀಸ್, ಮುಸ್ಲಿಂ ಇಬ್ನ್ ಸಿನಾ ಇವರೂ ದೇವರ ನಿರವಯವತೆಯನ್ನು ಎತ್ತಿಹಿಡಿದರು. ಅವರೂ ಗ್ರೀಕರನ್ನು ಓದಿದವರು ಎಂದು ಹಾರ್ನಾಕನ ಪಕ್ಷದವರು ಹೇಳಬಹುದು. ಮಧ್ವರು ಓದಿದ್ದು ಉಪನಿಷತ್ತು, ಪುರಾಣ, ಪಂಚರಾತ್ರ. ವಿಷ್ಣು ಅನಂತ ಗುಣಪೂರ್ಣ ಎನ್ನುವುದು ಅವರ ಮತದ ಪ್ರಾಣ. ಆ ಗುಣಗಳು ವಿಷ್ಣುವಿನಿಂದ ಬೇರೆಯಲ್ಲ, ಆತನ ಸ್ವರೂಪವೇ ಎನ್ನುವುದೂ ಅವರದೇ ಮಾತು. ಗುಡ್ಡದ ಮೇಲೆ ಸುರಿದ ಮಳೆನೀರು ಇಳಿಜಾರಿನಲ್ಲಿ ಹರಿದುಹೋಗುವ ಹಾಗೆ ಧರ್ಮಗಳನ್ನು ಬೇರೆಯಾಗಿ ಕಾಣುವವನು ಕೆಳಗೆ ಹರಿದುಹೋಗುತ್ತಾನೆ ಎಂಬ ಕಠೋಪನಿಷತ್ತಿನ ಮಾತನ್ನು ಅವರು ಇದಕ್ಕೇ ಪ್ರಮಾಣವಾಗಿ ತೆಗೆದುಕೊಂಡರು. ಭೇದವಾದಿಗಳೆಂದೇ ಹೆಸರಾದ ಆಚಾರ್ಯರು ದೇವರ ಒಳಗೆ ಭೇದವನ್ನು ಒಪ್ಪಲಿಲ್ಲ. ಗ್ರೀಕರ ಗಾಳಿ ಸೋಕದ ಜಾಗದಲ್ಲೂ ಪ್ರಶ್ನೆ ಇದೇ ದಾರಿಗೆ ಬಂತು ಎಂದಮೇಲೆ, ಪ್ರಶ್ನೆ ಗ್ರೀಕರ ಸ್ವತ್ತಲ್ಲ. ದೇವರನ್ನು ಗಂಭೀರವಾಗಿ ತೆಗೆದುಕೊಂಡ ಯಾರಿಗೂ ಅದು ಎದುರಾಗುತ್ತದೆ.

ಎದುರಾಳಿಗಳ ಆಕ್ಷೇಪವೂ ಎರಡು ಕಡೆ ಒಂದೇ. ಗುಣಗಳೆಲ್ಲ ಒಂದೇ ವಸ್ತುವಾದರೆ ಜ್ಞಾನ, ಆನಂದ ಎಂಬವು ಪರ್ಯಾಯ ಪದಗಳಾಗಬೇಕಲ್ಲ, ಒಂದನ್ನು ಹೇಳಿದ ಮೇಲೆ ಇನ್ನೊಂದೇಕೆ? ಅಕ್ವಿನಾಸ್ ಹೇಳುತ್ತಾನೆ: ಸೃಷ್ಟಿಯಲ್ಲಿ ಒಳ್ಳೆಯದೆಲ್ಲ ಚೂರುಚೂರಾಗಿ ಹಂಚಿಹೋಗಿದೆ, ನಮ್ಮ ಬುದ್ಧಿ ಆ ಚೂರುಗಳಿಂದಲೇ ಹೆಸರು ಎತ್ತಿಕೊಳ್ಳಬೇಕು, ಹಾಗಾಗಿ ಹೆಸರುಗಳ ಅರ್ಥ ಬೇರೆ, ವಸ್ತು ಒಂದೇ. ಮಧ್ವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಭೇದವಿಲ್ಲದ ಕಡೆಯೂ ಭೇದದ ವ್ಯವಹಾರ ನಡೆಸಬಲ್ಲ ಒಂದು ಸಾಮರ್ಥ್ಯ ವಸ್ತುವಿನಲ್ಲೇ ಇದೆ ಎಂದು ಹೇಳಿ, ಅದನ್ನು ‘ವಿಶೇಷ’ ಎಂದು ಕರೆದು, ಭೇದದ ಪ್ರತಿನಿಧಿ ಎನ್ನುತ್ತಾರೆ. ಹದಿನಾಲ್ಕನೇ ಶತಮಾನದ ಜಯತೀರ್ಥರು ‘ನ್ಯಾಯಸುಧಾ’ದಲ್ಲಿ ಇದನ್ನು ತರ್ಕದ ಒರೆಗೆ ಹಚ್ಚಿದರು, ವ್ಯಾಸತೀರ್ಥರು ‘ನ್ಯಾಯಾಮೃತ’ದಲ್ಲಿ ಮುಂದುವರಿಸಿದರು. ಮಧ್ವರಿಗೆ ಯುರೋಪಿನಲ್ಲಿ ಹತ್ತಿರದವನು ಅಕ್ವಿನಾಸನಲ್ಲ, 1308ರಲ್ಲಿ ತೀರಿಕೊಂಡ ಡನ್ಸ್ ಸ್ಕೋಟಸ್. ಬೇರ್ಪಡಿಸಲಾಗದ ಒಂದೇ ವಸ್ತುವಿನೊಳಗೂ ನಮ್ಮ ಕಲ್ಪನೆಯದಲ್ಲದ ಒಂದು ಬಗೆಯ ಬೇರೆತನಕ್ಕೆ ಅವನೂ ಜಾಗ ಹುಡುಕಿದ. ನಮ್ಮ ವಿಶ್ವವಿದ್ಯಾನಿಲಯಗಳ ತತ್ವಶಾಸ್ತ್ರದ ಸಂಶೋಧನೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗದು ಎಂದು ನಾನು ನಂಬಿದ್ದೇನೆ.

ಈಗ ಹರಿಹರದ ಮೂರ್ತಿಯ ಮುಂದೆ ನಿಲ್ಲೋಣ. ಬಲಗಡೆ ಜಟೆ, ತ್ರಿಶೂಲ. ಎಡಗಡೆ ಕಿರೀಟ, ಚಕ್ರ. ಪ್ರವಾಸಿ ಕೈಪಿಡಿಗಳಲ್ಲೂ ಶಾಲೆಯ ಪಾಠಗಳಲ್ಲೂ ಇದಕ್ಕೆ ಕೊಡುವ ವಿವರಣೆ ಸಮನ್ವಯ: ಶೈವರಿಗೆ ಅರ್ಧ, ವೈಷ್ಣವರಿಗೆ ಅರ್ಧ, ಇಬ್ಬರೂ ಸಮಾಧಾನವಾಗಿರಿ. ಸಾಮಾಜಿಕವಾಗಿ ಆ ಕಾಲಕ್ಕೆ ಅಂಥದೊಂದು ಅಗತ್ಯ ಇದ್ದಿರಬಹುದು. ಆದರೆ ಗುಡಿಯ ಶಾಸನ ಹೇಳುವುದು ಇದಕ್ಕಿಂತ ಗಟ್ಟಿಯಾದ ಮಾತು. ಹರಿಯ ಹೊರತು ದೇವರಿಲ್ಲ ಎಂದು ಕೆಲವರು, ಹರನ ಹೊರತು ದೇವರಿಲ್ಲ ಎಂದು ಕೆಲವರು ಅನ್ನುತ್ತಿದ್ದಾಗ, ಜನರ ಸಂಶಯ ಕಳೆಯಲು ಕೂಡಲೂರಿನಲ್ಲಿ ಒಂದೇ ರೂಪ ತೋರಿತು ಎನ್ನುವುದು ಅದರ ಆಶಯ. ಒಂದೇ ರೂಪ. ಇಬ್ಬರಿಗೆ ಪಾಲು ಹಂಚಿದ ಲೆಕ್ಕ ಅಲ್ಲಿಲ್ಲ. ಕಲ್ಲಿಗೆ ಬಲ ಎಡ ಇರಲೇಬೇಕು, ಶಿಲ್ಪಿಗೆ ಬೇರೆ ದಾರಿ ಇರಲಿಲ್ಲ. ಕಲ್ಲಿನ ಮಿತಿಯನ್ನು ದೇವರ ಮೇಲೆ ಹೊರಿಸಿ, ದೇವರೇ ಅರ್ಧ ಇದು ಅರ್ಧ ಅದು ಎಂದರೆ ಆ ದೇವರು ಇಬ್ಬರು ಅಪೂರ್ಣರ ಜಂಟಿ ಖಾತೆ ಆಗುತ್ತಾನೆ. ಹರಿಯ ಕಡೆ ಹರನ ಕೊರತೆ, ಹರನ ಕಡೆ ಹರಿಯ ಕೊರತೆ. ಎರಡು ಕೊರತೆ ಕೂಡಿ ಪೂರ್ಣವಾಗದು. ಸಮನ್ವಯದ ಹೆಸರಿನಲ್ಲಿ ನಾವು ಹೇಳಿಕೊಂಡು ಬಂದದ್ದು ಶಾಸನದ ಆಶಯವನ್ನೇ ಸಣ್ಣದು ಮಾಡಿದೆ.

ಇದೇ ಅರ್ಧರ್ಧದ ತಪ್ಪನ್ನು ಕ್ರೈಸ್ತ ಸಭೆ ಯೇಸುವಿನ ವಿಷಯದಲ್ಲಿ ಎದುರಿಸಿತು. ನಾಲ್ಕನೇ ಶತಮಾನದ ಅಪೊಲ್ಲಿನಾರಿಸ್ ಯೇಸುವಿಗೆ ಮನುಷ್ಯನ ಮೈ ಇತ್ತು, ಮನುಷ್ಯನ ಬುದ್ಧಿಯ ಜಾಗದಲ್ಲಿ ದೇವರ ವಾಕ್ಯ ಕೂತಿತ್ತು ಎಂದ. ಒಬ್ಬನೊಳಗೆ ಎರಡು ತುಂಡು ಸೇರಿಸಿದ ಹಾಗೆ. 381ರಲ್ಲಿ ಕಾನ್‌ಸ್ಟಾಂಟಿನೋಪಲ್ ಸಭೆ ಅದನ್ನು ತಳ್ಳಿಹಾಕಿತು. 451ರ ಚಾಲ್ಸಿಡನ್ ಸಭೆ ಯೇಸು ಪೂರ್ಣ ದೇವರು, ಪೂರ್ಣ ಮನುಷ್ಯ, ಎರಡೂ ಸ್ವಭಾವಗಳು ಕಲಸಿಹೋಗಿಲ್ಲ, ಬೇರ್ಪಟ್ಟೂ ಇಲ್ಲ ಎಂದು ನಿರ್ಣಯಿಸಿತು. ಅರ್ಧ ದೇವರು ಅರ್ಧ ಮನುಷ್ಯ ಎಂಬುದಕ್ಕೆ ಅಲ್ಲಿ ಎಡೆಯೇ ಇಲ್ಲ. ದೈವಸ್ವಭಾವ ನಿರವಯವ, ಅದರಿಂದ ಅರ್ಧ ಕಿತ್ತುಕೊಡಲಾಗದು. ಶಿಲುಬೆಯ ಮೇಲೆ ನೊಂದದ್ದು ಅವನು ನಿಜವಾಗಿ ತೊಟ್ಟ ನಮ್ಮ ಮೈಮನಸ್ಸಿನಲ್ಲಿ. ನಿರವಯವ ದೇವರು ನಮ್ಮ ನೋವಿಗೆ ದೂರ ಎನ್ನುವವರು ಈ ಎರಡನೇ ಸ್ವಭಾವವನ್ನು ಮರೆತೇ ಮಾತಾಡುತ್ತಾರೆ.

ತ್ರಿತ್ವದ ವಿಷಯದಲ್ಲಿ ನಮ್ಮ ಊರಿನ ತಿಳಿವಳಿಕೆ ಇನ್ನೂ ಕೆಟ್ಟದಾಗಿದೆ. ಹೊರಗಿನವರು ಮೂರು ದೇವರು ಎನ್ನುತ್ತಾರೆ. ಒಳಗಿನ ಬೋಧಕರು ಮೊಟ್ಟೆಯ ಚಿಪ್ಪು, ಬಿಳಿ, ಹಳದಿ ಎಂದು ಮಕ್ಕಳಿಗೆ ಹೇಳುತ್ತಾರೆ. ಮೊಟ್ಟೆ ಮೂರು ಭಾಗಗಳಿಂದಾದದ್ದು. ಚಿಪ್ಪು ಮೊಟ್ಟೆಯಲ್ಲ, ಮೊಟ್ಟೆಯ ಮೂರನೇ ಒಂದು ಪಾಲು. ತಂದೆ ದೇವರ ಮೂರನೇ ಒಂದು ಪಾಲೆಂದು ಯಾವ ಸಭೆಯೂ ಎಂದೂ ಹೇಳಿಲ್ಲ. ತಂದೆಯೂ ಇಡೀ ದೇವರು, ಮಗನೂ ಅದೇ ಇಡೀ ದೇವರು, ಪವಿತ್ರಾತ್ಮನೂ ಅದೇ. ಅವರನ್ನು ಬೇರೆ ಮಾಡುವುದು ವಸ್ತುವಿನ ತುಂಡಲ್ಲ, ಸಂಬಂಧ: ಹುಟ್ಟಿಸುವುದು, ಹುಟ್ಟುವುದು, ಹೊರಡುವುದು. 1215ರ ಅದೇ ಲ್ಯಾಟರನ್ ಸಭೆಯ ಎರಡನೇ ನಿರ್ಣಯ ಇದರ ಮೇಲೆಯೇ. ಫಿಯೋರೆಯ ಯೋವಾಕಿಮ್ ಎಂಬ ಮಠಾಧೀಶ, ದೇವಶಾಸ್ತ್ರಜ್ಞ ಪೀಟರ್ ಲೊಂಬಾರ್ಡ್ ಈ ಮೂವರ ಜೊತೆಗೆ ಸ್ವರೂಪವೆಂಬ ನಾಲ್ಕನೆಯದನ್ನು ಸೇರಿಸಿದ್ದಾನೆ ಎಂದು ಆರೋಪಿಸಿದ್ದ. ಸಭೆ ಲೊಂಬಾರ್ಡನ ಪಕ್ಷ ನಿಂತಿತು. ಮೂವರು ಒಂದು ಗುಂಪಾಗಿ ಒಂದಲ್ಲ, ಮೂವರಲ್ಲಿ ಒಬ್ಬೊಬ್ಬರೂ ಆ ಒಂದೇ ಸ್ವರೂಪ ಎಂದಿತು. ತಂದೆ ಸ್ವರೂಪವೇ, ಮಗ ಸ್ವರೂಪವೇ ಆದರೆ ತಂದೆಯೇ ಮಗನಾಗಬೇಕಲ್ಲ ಎಂಬ ತಾರ್ಕಿಕ ತೊಡಕು ಉಳಿಯುತ್ತದೆ. ಅಕ್ವಿನಾಸ್ ಅದಕ್ಕೆ ಕೊಟ್ಟ ಉತ್ತರ ನನಗೆ ಪೂರ್ತಿ ಹಿಡಿಸಿಲ್ಲ. ಆದರೆ ನಿರವಯವತೆಯನ್ನು ಕೈಬಿಟ್ಟವರ ಉತ್ತರವನ್ನೂ ನೋಡಬೇಕು. ಇತ್ತೀಚಿನ ದಶಕಗಳಲ್ಲಿ ಕೆಲವು ದೇವಶಾಸ್ತ್ರಜ್ಞರು ಮೂವರನ್ನು ಮೂರು ಮನಸ್ಸು, ಮೂರು ಸಂಕಲ್ಪ ಇರುವ ಪ್ರೀತಿಯ ಕುಟುಂಬವಾಗಿ ಚಿತ್ರಿಸಿದ್ದಾರೆ. ಕೇಳಲು ಹಿತ. ಹೊರಗಿನವರ ಮೂರು ದೇವರು ಎಂಬ ಆರೋಪಕ್ಕೆ ಅದು ಕೊನೆಗೂ ಕೊಟ್ಟ ಒಪ್ಪಿಗೆ.

ತತ್ವಶಾಸ್ತ್ರದ ಕಡೆಯಿಂದ ಬಂದ ಆಕ್ಷೇಪಗಳಲ್ಲಿ ಎಲ್ಲರೂ ಎತ್ತಿ ಹೇಳುವುದು ಆಲ್ವಿನ್ ಪ್ಲಾಂಟಿಂಗನದು. 1980ರಲ್ಲಿ ಪ್ರಕಟವಾದ ಉಪನ್ಯಾಸದಲ್ಲಿ ಆತ ಕೇಳಿದ: ದೇವರೇ ಆತನ ಒಳ್ಳೆಯತನ ಎಂದಾದರೆ, ಒಳ್ಳೆಯತನ ಒಂದು ಗುಣ, ಹಾಗಾದರೆ ದೇವರು ಒಂದು ಗುಣ, ಗುಣ ಯಾರನ್ನೂ ಪ್ರೀತಿಸದು, ಏನನ್ನೂ ಸೃಷ್ಟಿಸದು. ಇದು ಬಲವಾಗಿ ಕಾಣುತ್ತದೆ. ಆದರೆ ಮೊದಲ ಹೆಜ್ಜೆಯಲ್ಲೇ ತಪ್ಪಿದೆ. ಗುಣ ಎಂದರೆ ಎಲ್ಲೋ ತಾನೇ ತಾನಾಗಿ ಇದ್ದು, ವಸ್ತುಗಳು ಬಂದು ಅದರಲ್ಲಿ ಪಾಲು ಪಡೆಯುವ ಅಮೂರ್ತ ಪದಾರ್ಥ ಎಂಬ ಕಲ್ಪನೆ ಪ್ಲಾಂಟಿಂಗನದು, ಅಕ್ವಿನಾಸನದಲ್ಲ. ದೇವರು ಒಳ್ಳೆಯವನು ಎಂಬ ವಾಕ್ಯವನ್ನು ನಿಜ ಮಾಡುವುದು ದೇವರಲ್ಲದ ಬೇರೇನೂ ಅಲ್ಲ, ದೇವರೇ ಎನ್ನುವುದಷ್ಟೇ ಸಿದ್ಧಾಂತದ ಮಾತು. ಮೈಕಲ್ ಬರ್ಗ್‌ಮನ್ ಮತ್ತು ಜೆಫ್ರಿ ಬ್ರೋವರ್ 2006ರಲ್ಲಿ ಇದನ್ನು ಇವತ್ತಿನ ತರ್ಕದ ಭಾಷೆಯಲ್ಲಿ ಬಿಡಿಸಿ ತೋರಿಸಿದರು. ದ್ವೈತದ ಗ್ರಂಥಗಳನ್ನು ಓದಿದ ಕನ್ನಡಿಗನಿಗೆ ಪ್ಲಾಂಟಿಂಗನ ಗೊಂದಲ ಹುಟ್ಟುವುದೇ ಇಲ್ಲ. ವಿಷ್ಣುವಿನ ಆನಂದ ವಿಷ್ಣುವೇ ಎಂದಾಗ ವಿಷ್ಣು ಒಂದು ಅಮೂರ್ತ ಪದವಾಗಿಬಿಟ್ಟ ಎಂದು ಯಾವ ಮಾಧ್ವನೂ ಹೆದರಿಲ್ಲ.

ಇನ್ನೊಂದು ಆಕ್ಷೇಪ ಹಾಗೆ ಸುಲಭವಾಗಿ ಕರಗುವುದಿಲ್ಲ. ದೇವರ ಸಂಕಲ್ಪವೂ ದೇವರೇ. ದೇವರು ಇರಲೇಬೇಕಾದವನು. ಹಾಗಾದರೆ ಈ ಜಗತ್ತನ್ನು ಸೃಷ್ಟಿಸುವ ಸಂಕಲ್ಪವೂ ಇರಲೇಬೇಕಾದದ್ದು, ಜಗತ್ತೂ ಇರಲೇಬೇಕಾದದ್ದು. ದೇವರ ಸ್ವಾತಂತ್ರ್ಯ ಎಲ್ಲಿ ಹೋಯಿತು? ಇದಕ್ಕೆ ಕೊಡುವ ಉತ್ತರ, ಸೃಷ್ಟಿಸಿದ ದೇವರಿಗೂ ಸೃಷ್ಟಿಸದಿರಬಹುದಾಗಿದ್ದ ದೇವರಿಗೂ ನಡುವಿನ ವ್ಯತ್ಯಾಸ ಬೀಳುವುದು ದೇವರಲ್ಲಿ ಅಲ್ಲ, ಜಗತ್ತಿನಲ್ಲಿ ಎಂಬುದು. ಜಗತ್ತು ಆತನನ್ನು ಆತುಕೊಂಡಿದೆ, ಆತ ಜಗತ್ತನ್ನು ಆತುಕೊಂಡಿಲ್ಲ. ಈ ಉತ್ತರ ಸುಳ್ಳೆಂದು ಯಾರೂ ತೋರಿಸಿಲ್ಲ, ಮನಸ್ಸಿಗೆ ಅದು ಪೂರ್ತಿ ಬೆಳಕು ಕೊಡುವುದೂ ಇಲ್ಲ. ನಾನು ಈ ತೊಡಕಿನ ಜೊತೆ ಇರಲು ಸಿದ್ಧ. ಏಕೆಂದರೆ ಇನ್ನೊಂದು ಪಕ್ಷದ ಬೆಲೆ ಇದಕ್ಕಿಂತ ಹೆಚ್ಚು: ಒಳಗೇ ಬದಲಾಗುತ್ತ, ಒಂದು ನಿರ್ಧಾರದಿಂದ ಇನ್ನೊಂದಕ್ಕೆ ಸರಿಯುತ್ತ ಹೋಗುವ ದೇವರು. ಅಂಥವನ ಒಳ್ಳೆಯತನದ ಮೇಲೆ ನಾಳೆಯ ಭರವಸೆ ಇಡುವುದು ಹೇಗೆ?

ಈ ಭರವಸೆಯ ಮಾತು ತರ್ಕದ ಕೊಠಡಿಯದು ಮಾತ್ರ ಅಲ್ಲ. ಹರಿಹರದಲ್ಲಿ ಆರೋಗ್ಯಮಾತೆಯ ದೇವಾಲಯವಿದೆ, ಈಗ ಅದಕ್ಕೆ ಕಿರಿಯ ಬೆಸಿಲಿಕದ ಪದವಿಯೂ ಇದೆ. ಸೆಪ್ಟೆಂಬರ್ 8ರ ಹಬ್ಬಕ್ಕೆ ಕ್ರೈಸ್ತರಲ್ಲದವರೂ ಹರಕೆ ಹೊತ್ತು ಬರುತ್ತಾರೆ. ಕಾಯಿಲೆಯವರು, ಮಕ್ಕಳಾಗದವರು, ಸಾಲದಲ್ಲಿ ಮುಳುಗಿದವರು. ಅಂಥವರ ಮುಂದೆ ಬೋಧಕರು ಬಹಳ ಸಲ ಒಂದು ನಾಟಕ ಆಡಿಸುತ್ತಾರೆ: ದೇವರ ನ್ಯಾಯ ಶಿಕ್ಷೆ ಕೇಳುತ್ತದೆ, ದೇವರ ಕರುಣೆ ತಡೆಯುತ್ತದೆ, ತಂದೆ ಕೈ ಎತ್ತುತ್ತಾನೆ, ತಾಯಿ ಮರಿಯಮ್ಮ ಆ ಕೈ ಹಿಡಿಯುತ್ತಾಳೆ. ಹನ್ನೆರಡನೇ ಶತಮಾನದ ಕ್ಲೆರ್ವೋದ ಬರ್ನಾರ್ಡನೂ ಕರುಣೆ, ಸತ್ಯ, ನ್ಯಾಯ, ಶಾಂತಿ ಎಂಬ ನಾಲ್ವರನ್ನು ದೇವರ ಮುಂದೆ ವಾದಕ್ಕೆ ನಿಲ್ಲಿಸಿ ಪ್ರಸಂಗ ಮಾಡಿದ್ದ. ಅವನ ಕೇಳುಗರಾದ ಸನ್ಯಾಸಿಗಳಿಗೆ ಅದು ರೂಪಕವೆಂದು ಗೊತ್ತಿತ್ತು. ಕಾಯಿಲೆಯ ಮಗುವನ್ನು ಎತ್ತಿಕೊಂಡು ಬಂದ ತಾಯಿ ಅದನ್ನು ರೂಪಕವಾಗಿ ಕೇಳುವುದಿಲ್ಲ. ದೇವರ ಒಂದು ಪಾಲು ತನ್ನ ವಿರುದ್ಧ ಇದೆ, ಇನ್ನೊಂದು ಪಾಲನ್ನು ಒಲಿಸಿಕೊಂಡು ಅದರಿಂದ ಪಾರಾಗಬೇಕು ಎಂದು ಅವಳು ಮನೆಗೆ ಹೋಗುತ್ತಾಳೆ. ತನ್ನ ಮಗುವಿನ ಜ್ವರದಲ್ಲಿ ಆ ಸಿಟ್ಟಿನ ಪಾಲಿನ ಕೈವಾಡ ಹುಡುಕುತ್ತಾಳೆ. ಇದು ಕ್ರೂರ.

ನಿರವಯವತೆಯ ಸಿದ್ಧಾಂತ ಈ ಕ್ರೌರ್ಯಕ್ಕೆ ಅಡ್ಡ ನಿಲ್ಲುತ್ತದೆ. ದೇವರಲ್ಲಿ ಎರಡು ಪಕ್ಷಗಳಿಲ್ಲ. ಕರುಣೆ ಎನ್ನುವುದೂ ನ್ಯಾಯ ಎನ್ನುವುದೂ ಅದೇ ಆತನನ್ನು. ಒಂದನ್ನು ಮೆಚ್ಚಿಸಿ ಇನ್ನೊಂದರಿಂದ ತಪ್ಪಿಸಿಕೊಳ್ಳುವ ವ್ಯವಹಾರ ಅಲ್ಲಿ ನಡೆಯದು, ನಡೆಯಬೇಕಾಗಿಯೂ ಇಲ್ಲ. ಪ್ರಾರ್ಥನೆ ದೇವರ ಮನಸ್ಸು ತಿರುಗಿಸುವ ಉಪಾಯ ಅಲ್ಲ ಎಂದು ಅಕ್ವಿನಾಸ್ ಹೇಳಿದ. ನಮ್ಮ ಬೇಡಿಕೆಯ ಮೂಲಕವೇ ಕೊಡಬೇಕೆಂದು ಆತ ಸಂಕಲ್ಪಿಸಿದ್ದನ್ನು ಪಡೆಯುವ ದಾರಿ ಅದು. ಹರಕೆ ಹೊರುವವರನ್ನು ಇದು ಅವಮಾನಿಸುವುದಿಲ್ಲ. ಅವರು ಬೇಡುತ್ತಿರುವುದು ಪೂರ್ತಿ ಒಳ್ಳೆಯವನೊಬ್ಬನನ್ನು, ಅವನಲ್ಲಿ ಹೆದರಬೇಕಾದ ಬಚ್ಚಿಟ್ಟ ಮೂಲೆ ಇಲ್ಲ ಎಂದಷ್ಟೇ ಹೇಳುತ್ತದೆ. ಮಗುವಿಗೆ ಏಕೆ ಜ್ವರ ಬಂತು ಎಂಬುದಕ್ಕೆ ಇದರಲ್ಲಿ ಉತ್ತರವಿಲ್ಲ. ದೇವರಿಗೆ ಪ್ರೀತಿ ಇದೆ, ಶಕ್ತಿ ಸಾಲದು ಎಂಬ ನೆಪವನ್ನೂ ಅದು ಮುಚ್ಚಿಹಾಕುತ್ತದೆ, ಆತನ ಶಕ್ತಿಯೇ ಆತನ ಪ್ರೀತಿಯಾದ್ದರಿಂದ. ಹಾಗಾಗಿ ನೋವಿನ ಪ್ರಶ್ನೆ ಇನ್ನೂ ಮೊನಚಾಗುತ್ತದೆ. ಸುಳ್ಳು ಉತ್ತರಗಳನ್ನು ತೆಗೆದುಹಾಕುವ ಸಿದ್ಧಾಂತಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಹಾಗೆಂದು ಅಕ್ವಿನಾಸನೂ ಅಲ್ಲಮನೂ ಒಂದೇ ಮಾತು ಹೇಳಿದರು ಎಂದು ನಾನು ಹೊಸದೊಂದು ಸಮನ್ವಯ ಮಾಡುತ್ತಿಲ್ಲ. ಮೇಲೆ ನಾನು ವಿರೋಧಿಸಿದ್ದೇ ಅದನ್ನು. ಬಳ್ಳಿಗಾವೆಯ ಅಲ್ಲಮ ಬಯಲಿನ ಕಡೆ ಹೋಗುವಾಗ ದೇವರು, ಭಕ್ತ ಎಂಬ ಜೋಡಿಯನ್ನೂ ಹಿಂದೆ ಬಿಟ್ಟು ಹೋಗುತ್ತಾನೆ. ವೀರಶೈವ ದರ್ಶನ ಶಿವನಲ್ಲಿ ಶಕ್ತಿಯನ್ನು ಬೇರ್ಪಡಿಸಲಾಗದ ವಿಶೇಷಣವಾಗಿ ಇಟ್ಟುಕೊಳ್ಳುತ್ತದೆ. ಅಕ್ವಿನಾಸನಿಗೆ ಭಕ್ತ ಕೊನೆವರೆಗೂ ಭಕ್ತನೇ, ಸೃಷ್ಟಿ ಸೃಷ್ಟಿಯೇ, ಮಾಯೆಯಲ್ಲ. ದೇವರ ಬಗ್ಗೆ ಇಲ್ಲ ಇಲ್ಲ ಎಂದಷ್ಟೇ ಹೇಳಬಹುದು ಎಂಬ ಮೈಮೊನಿಡೀಸನ ನಿಲುವನ್ನೂ ಅವನು ಒಪ್ಪಲಿಲ್ಲ. ದೇವರು ಒಳ್ಳೆಯವನು ಎಂಬುದು ನಿಜವಾಗಿಯೇ ನಿಜ, ಆ ನಿಜ ನಮ್ಮ ಮಾತಿನ ಅಳವಿಗಿಂತ ಹೆಚ್ಚು ಎಂಬುದು ಅವನ ಪಕ್ಷ. ಈ ಭೇದಗಳು ಸಣ್ಣವಲ್ಲ, ಅವನ್ನು ಒರೆಸಿಹಾಕಿದರೆ ಎಲ್ಲರಿಗೂ ನಷ್ಟ. ಆದರೆ ಭೇದ ಇರುವುದು ಒಂದು ಕಡೆ ಆಳ, ಇನ್ನೊಂದು ಕಡೆ ಬಾಲಬುದ್ಧಿ ಎಂಬ ರೀತಿಯಲ್ಲಿ ಅಲ್ಲ. ಆಳದಲ್ಲಿ ಇಳಿದ ಮೇಲೆ ಎದುರಾಗುವ ಭೇದ ಅದು.

ಕನ್ನಡದಲ್ಲಿ ಬೋಧನೆ ಮಾಡುವ ಪಾದ್ರಿಗಳಲ್ಲಿ, ಸಭಾಪಾಲಕರಲ್ಲಿ ನನ್ನ ಕೋರಿಕೆ ಇದು. ಮೊಟ್ಟೆಯ ಉದಾಹರಣೆ ಬಿಟ್ಟುಬಿಡಿ. ನ್ಯಾಯಕ್ಕೂ ಕರುಣೆಗೂ ಜಗಳ ಹಚ್ಚುವ ಪ್ರಸಂಗಗಳನ್ನು ನಿಲ್ಲಿಸಿ. ನಿಮ್ಮ ಸಭೆಗಳೇ ಎಂಟು ನೂರು ವರ್ಷಗಳಿಂದ ಸಹಿ ಹಾಕಿಕೊಂಡು ಬಂದಿರುವ ಸಿದ್ಧಾಂತವನ್ನು ಜನರಿಗೆ ಕನ್ನಡದಲ್ಲೇ ಕಲಿಸಿ. ಅದಕ್ಕೆ ಬೇಕಾದ ಮಾತುಗಳನ್ನು ನಮ್ಮ ನೆಲದ ಆಚಾರ್ಯರೂ ಶರಣರೂ ಆಗಲೇ ಹದಮಾಡಿ ಇಟ್ಟಿದ್ದಾರೆ. ಮಠಗಳಲ್ಲಿ, ವಿಶ್ವವಿದ್ಯಾನಿಲಯಗಳಲ್ಲಿ ದರ್ಶನ ಕಲಿಸುವವರು ‘ನ್ಯಾಯಸುಧಾ’ದ ಪಕ್ಕದಲ್ಲಿ ಅಕ್ವಿನಾಸನ ಮೂರನೇ ಪ್ರಶ್ನೆಯನ್ನೂ ಇಟ್ಟು ಪಾಠ ಮಾಡಲಿ. ಎಂಟು ಉಪಪ್ರಶ್ನೆಗಳು, ಕೆಲವೇ ಪುಟಗಳು. ಅದನ್ನು ಓದಿದ ಮೇಲೂ ಕ್ರೈಸ್ತರ ದೇವರು ಆಕಾಶದ ಯಜಮಾನ ಎನ್ನಿಸಿದರೆ, ಆಗ ವಾದ ಮಾಡೋಣ.